ಬಿಸಿಯಾಗುವ ಸ್ಟೇರಿಂಗ್, ಯಾರನ್ನೂ ನಂಬದ ಸಂಗಮನಾಥ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ನಾಶಿಕ್ ಬಳಿಯ ನಿಫಾಡ್ ದಾಟಿ ಛತ್ರಪತಿ ಸಂಭಾಜಿನಗರದ ಕಡೆ ಹೋಗುವ ರಸ್ತೆಯ ಮಗ್ಗುಲಲ್ಲಿ, ದ್ರಾಕ್ಷಿ ತೋಟದ ಬೇಲಿಗೆ ಒರಗಿದಂತಿರುವ ತಗಡಿನ ಶೆಡ್ಡಿನ ಹಿಂದೆ, ಒಬ್ಬರು ಹೊಂಡಕ್ಕೆ ನೀರು ಬಿಡುತ್ತ ನಿಂತಿದ್ದಾರೆ. ಹೊಂಡ ಅವರೇ ತೋಡಿದ್ದು. ಕರಿಮಣ್ಣು ನೀರು ಕುಡಿದು ಅಂಟಿನಂತಾದ ಮೇಲೆ ಪೈಪು ಬಿಸುಟು, ಸೈನ್ಯದವರು ಹರಾಜಿನಲ್ಲಿ ಮಾರಿದ ಹಳೆಯ ಟ್ರಕ್ಕೊಂದನ್ನು ಹತ್ತಿ ಅದರ ಮುಂದಿನ ಗಾಲಿಗಳನ್ನು ನೇರ ಕೆಸರಿಗೆ ಇಳಿಸುತ್ತಾರೆ. ಸ್ಟೇರಿಂಗನ್ನು ಬಲಕ್ಕೆ ಕೊನೆತನಕ ತಿರುಗಿಸಿ ಹಿಡಿಯುತ್ತಾರೆ. ಆಮೇಲೆ ಎಡಕ್ಕೆ. ಮತ್ತೆ ಬಲಕ್ಕೆ. ಗಾಡಿ ಒಂದು ಗೇಣೂ ಮುಂದೆ ಹೋಗುವುದಿಲ್ಲ, ಇಂಜಿನ್ ಮಾತ್ರ ಗುಡುಗುತ್ತಿದೆ. ಸ್ವಲ್ಪ ಹೊತ್ತಿಗೆ ಕೆಳಗಿಳಿದು, ಬಾನೆಟ್ಟಿನೊಳಗೆ ಕೈ ತೂರಿಸಿ ರಬ್ಬರ್ ಕೊಳವೆಯ ಮೇಲೆ ಅಂಗೈ ಇಡುತ್ತಾರೆ. ಎಣ್ಣೆ ಡಬ್ಬಿಯ ಮುಚ್ಚಳ ತೆಗೆದು ಮೂಸುತ್ತಾರೆ. ಹುಬ್ಬು ಗಂಟಿಕ್ಕಿಯೇ ಇದೆ.

“ಮಾಲಕ ಹೇಳ್ಯಾನ, ಗಾಡಿ ಏಕದಂ ಬರೋಬರ್ ಅದ, ಬರೇ ಎಣ್ಣಿ ಬದಲಿ ಮಾಡ್ರಿ ಸಾಕು ಅಂತ,” ಎಂದು ಕೈ ಒರೆಸಿಕೊಳ್ಳುತ್ತಾರೆ. “ಬರೋಬರ್ ಇದ್ದ ಗಾಡಿ ಯಾರರ ಮಾಲೇಗಾಂವ್‌ದಿಂದ ಇಲ್ಲಿತನಕ ಹೊಡ್ಕೊಂಡು ಬರ್ತಾರೇನ್ರಿ?”

ಇವರು ಸಂಗಮನಾಥ. ಐವತ್ತು ದಾಟಿದ ವಯಸ್ಸು, ಬೀದರ್ ಜಿಲ್ಲೆಯ ಔರಾದ್ ಕಡೆಯ ಮೂಲ. ಕಲ್ಲುಗಣಿ, ಕಾಲುವೆ, ಹೊಸ ಕಾರ್ಖಾನೆಗಳ ಬಯಲು, ಮಳೆಗಾಲದ ತೋಟದ ದಾರಿ, ಹೀಗೆ ಡಾಂಬರು ಇಲ್ಲದ ಕಡೆಯೇ ಬದುಕು ಸವೆಸುವ ಭಾರಿ ಟ್ರಕ್ಕುಗಳಿಗೆ ಪವರ್ ಸ್ಟೇರಿಂಗ್ ಕೂಡಿಸುವುದು, ಕೂಡಿಸಿದ್ದು ಕಾದು ಕೈಕೊಡದಂತೆ ಅದನ್ನು ತಂಪಾಗಿಡುವುದು ಇವರ ಕೆಲಸ. ವಾರಕ್ಕೆ ಎರಡು ಗಾಡಿ, ಬಹಳ ಅಂದರೆ ಮೂರು. ಶೆಡ್ಡಿನ ಮುಂದೆ ಹೆಸರಿನ ಹಲಗೆ ಇಲ್ಲ. ಬೋರ್ಡು ಹಾಕಿದರೆ ಬೇರೆಯವರು ಅದೇ ಹೆಸರಿನಲ್ಲಿ ಕಳಪೆ ಕೆಲಸ ಮಾಡಿ ತನ್ನ ತಲೆಗೆ ಕಟ್ಟುತ್ತಾರೆಂಬ ಗುಮಾನಿ. ಪತ್ರಿಕೆಯಿಂದ ಬಂದಿದ್ದೇವೆ ಎಂದಾಗಲೂ ಅವರ ಮೊದಲ ಪ್ರಶ್ನೆ ಒಂದೇ ಆಗಿತ್ತು: “ಯಾರು ಕಳಿಸ್ಯಾರ ನಿಮಗ?”

ಹಳೆಯ ಸೈನ್ಯದ ಟ್ರಕ್ಕುಗಳ ಸ್ಟೇರಿಂಗ್ ಬರೀ ತೋಳ್ಬಲದ್ದು. ಕೆಸರಿನಲ್ಲೋ ಕಲ್ಲಿನ ಮೇಲೋ ಗಾಲಿ ಒದ್ದರೆ ಸ್ಟೇರಿಂಗ್ ಚಕ್ರ ಗಿರ್ರನೆ ಹಿಂದಕ್ಕೆ ತಿರುಗಿ ಚಾಲಕನ ಹೆಬ್ಬೆರಳು ಮುರಿಯುತ್ತದೆ. ಅದಕ್ಕೇ ಹಳೇ ಬಸ್ಸುಗಳಿಂದ ಬಿಚ್ಚಿದ ಪವರ್ ಸ್ಟೇರಿಂಗ್ ತಂದು ಸಂಗಮನಾಥ ಇವುಗಳಿಗೆ ಜೋಡಿಸುತ್ತಾರೆ. ಇಂಜಿನ್ನಿಗೆ ಕಟ್ಟಿದ ಪಂಪು ಎಣ್ಣೆಯನ್ನು ಒತ್ತುತ್ತದೆ, ಆ ಒತ್ತಡವೇ ಗಾಲಿಯನ್ನು ತಿರುಗಿಸುತ್ತದೆ. ರಸ್ತೆಯ ಮೇಲಾದರೆ ಅಷ್ಟು ಸಾಕು, ಓಡುವ ಗಾಡಿಗೆ ಗಾಳಿ ಸಿಗುತ್ತದೆ. ಬಯಲಿನಲ್ಲಿ ಗಾಡಿ ಆಮೆಯಂತೆ ತೆವಳುತ್ತದೆ, ಚಾಲಕ ಸ್ಟೇರಿಂಗನ್ನು ಕೊನೆಗೆ ಒತ್ತಿ ಹಿಡಿದೇ ಇರುತ್ತಾನೆ. ಎಣ್ಣೆ ಒಳಗೊಳಗೇ ಸುತ್ತಿ ಸುತ್ತಿ ಕಾಯುತ್ತದೆ, ತೆಳುವಾಗುತ್ತದೆ, ನೊರೆ ಬರುತ್ತದೆ. ಪಂಪು ಕಿರುಗುಟ್ಟತೊಡಗುತ್ತದೆ. ಆಮೇಲೆ ಒಂದು ತಿರುವಿನಲ್ಲಿ, ಬೆಣ್ಣೆಯಂತಿದ್ದ ಸ್ಟೇರಿಂಗ್ ಇದ್ದಕ್ಕಿದ್ದಂತೆ ಕಲ್ಲಾಗುತ್ತದೆ.

ಅದು ಆಗದಿರಲೆಂದು ಸಂಗಮನಾಥ ದೊಡ್ಡ ಎಣ್ಣೆ ಡಬ್ಬಿ ಕೂಡಿಸುತ್ತಾರೆ. ಕಾದ ಎಣ್ಣೆ ಮರಳುವ ದಾರಿಯಲ್ಲಿ ಒಂದು ಪುಟ್ಟ ರೇಡಿಯೇಟರ್ ಇಟ್ಟು, ಇಂಜಿನ್ನಿನ ಬಿಸಿಗಾಳಿ ತಾಗದ ಕಡೆ ಅದನ್ನು ನಿಲ್ಲಿಸಿ, ಅದಕ್ಕೊಂದು ಬೇರೆ ಫ್ಯಾನು ಕಟ್ಟುತ್ತಾರೆ. ಹೇಳಿದರೆ ಇಷ್ಟೇ. ಆದರೆ ಇದರಲ್ಲಿ ಪ್ರತಿಯೊಂದು ಸಾಮಾನೂ ಅವರ ಪಾಲಿಗೆ ಗುಮಾನಿಯ ವಸ್ತು. ಪಂಪು ಕೊಳ್ಳಲು ಮಾಲೇಗಾಂವ್‌ನ ಗುಜರಿ ಅಂಗಡಿಗೆ ಹೋದರೆ, ಅಂಗಡಿಯವನು ಎದುರಿಗಿಟ್ಟಿದ್ದನ್ನು ಬಿಟ್ಟು ಅವನು ಮುಚ್ಚಿಟ್ಟಿದ್ದನ್ನು ಕೇಳುತ್ತಾರೆ. ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಸೀಲಿಗೆ ಉಗುರು ಊರಿ ನೋಡುತ್ತಾರೆ. ಹೊಸ ಡಬ್ಬಿಯ ಎಣ್ಣೆಯನ್ನೂ ಬಿಳಿ ಬಟ್ಟೆಯ ಮೇಲೆ ಹನಿಸದೆ ಸುರಿಯುವುದಿಲ್ಲ.

ಈ ಚಟ ಹುಟ್ಟಿನಿಂದ ಬಂದದ್ದಲ್ಲ. ಹುಡುಗನಾಗಿದ್ದಾಗ ಸಂಗಮನಾಥ ವಾಳೂಜ್‌ನ ಕಾರ್ಖಾನೆಯೊಂದರಲ್ಲಿ ಕೊಳವೆಗಳಿಗೆ ಲೋಹದ ತುದಿ ಒತ್ತುವ ಕೆಲಸದಲ್ಲಿದ್ದರು. ಗುತ್ತಿಗೆ ಮುಗಿಯಿತೆಂದು ಕಾರ್ಖಾನೆಯವರು ಕೈಬಿಟ್ಟ ಮೇಲೆ ನಾಶಿಕ್‌ಗೆ ಬಂದು ಲಾರಿ ಗ್ಯಾರೇಜು ಸೇರಿದರು. ಅಲ್ಲಿ ಅಂಗಡಿಯವನೊಬ್ಬ ಹೊಸದೆಂದು ಕೊಟ್ಟ ಸೀಲನ್ನು ನಂಬಿ ಒಂದು ಗಾಡಿ ಕಟ್ಟಿದರು. ಅದು ಹಳೆಯದನ್ನೇ ತೊಳೆದು, ಕರಿ ಬಳಿದು, ಪೊಟ್ಟಣ ಕಟ್ಟಿದ ಮಾಲು. ಕಸಾರಾ ಘಾಟಿನಲ್ಲಿ ಆ ಲಾರಿಯ ಎಣ್ಣೆಯೆಲ್ಲ ಸೋರಿ, ಅದು ತಡೆಗೋಡೆಗೆ ಒರಸಿಕೊಂಡು ನಿಂತಿತು. ಯಾರೂ ಸಾಯಲಿಲ್ಲ. “ಸತ್ತಿದ್ರ?” ಎನ್ನುತ್ತಾರೆ ಸಂಗಮನಾಥ. “ಅಂವ ಸೀಲ್ ಮಾರಿದಾಂವ ರಾತ್ರಿ ಆರಾಮ್ ಮಲಗ್ತಿದ್ದ. ಕಟ್ಟಿದ ಕೈ ನಂದು.”

“ಹೊಂಟ ಬಸ್ಸಿನ ಸ್ಟೇರಿಂಗ್ ಸಪ್ಪಳ ಕೇಳಿ ಇಳೀತಾರ್ರಿ ಇವರು,” ಎಂದು ಅವರ ಹೆಂಡತಿ ಮಂಜುಶ್ರೀ ನಗುತ್ತಾರೆ. “ಮಗಳ ಗೆಳತ್ಯಾರು ಮನಿಗೆ ಬಂದ್ರ, ಅವರನ್ನೂ ಗುಜರಿ ಪಂಪ್ ನೋಡ್ದಂಗ ನೋಡ್ತಾರ. ಮಗಳು ಮರಾಠಿಯೊಳಗ ಬೈತಾಳ, ಇವರು ಕೇಳಿದ್ರೂ ಕೇಳದಂಗ ಇರ್ತಾರ.”

ಇಂಥ ಮನುಷ್ಯನ ಮೇಲೆಯೇ ಹೋದ ಬೇಸಿಗೆಯಲ್ಲಿ ಗುಮಾನಿ ಬಿತ್ತು.

ಸಂಭಾಜಿನಗರದಾಚೆಯ ಬಿಡಕಿನ್‌ನಲ್ಲಿ ಹೊಸ ಕಾರ್ಖಾನೆಗಳಿಗಾಗಿ ನೆಲ ಸಮ ಮಾಡುವ ಕೆಲಸ ನಡೆದಿತ್ತು. ಅಲ್ಲಿ ಮಣ್ಣು ಹೊರುವ ಗುತ್ತಿಗೆದಾರ ಜಯಂತ್ ತನ್ನ ಟ್ರಕ್ಕಿಗೆ ಸಂಗಮನಾಥರಿಂದ ಸ್ಟೇರಿಂಗ್ ಹಾಕಿಸಿಕೊಂಡು ಹೋಗಿದ್ದ. ಸುಡುಬಿಸಿಲಿನ ಒಂದು ಮಧ್ಯಾಹ್ನ ಅವನ ಫೋನು ಬಂತು. ಇಳಿಜಾರಿನಲ್ಲಿ ಸ್ಟೇರಿಂಗ್ ಕಲ್ಲಾಗಿ ಟ್ರಕ್ಕು ಚರಂಡಿಯ ಗುಂಡಿಗೆ ಮೂತಿ ಊರಿದೆ, ಚಾಲಕನ ಕೈ ಮುರಿದಿದೆ, ಇದೆಲ್ಲ ನಿನ್ನ ಗುಜರಿ ಪಂಪಿನ ಪ್ರತಾಪ ಎಂದು ಅವನು ಮರಾಠಿಯಲ್ಲಿ ಬಾಯಿಗೆ ಬಂದದ್ದೆಲ್ಲ ಅಂದ. ಬಿಡಕಿನ್‌ನ ಅಷ್ಟೂ ಗಾಡಿಯವರಿಗೆ ಸುದ್ದಿ ಹೋಗಿದೆ, ಇನ್ನು ಮೇಲೆ ಯಾರೂ ನಿನ್ನ ಶೆಡ್ಡು ಹತ್ತುವುದಿಲ್ಲ ಎಂದೂ ಸೇರಿಸಿದ.

ಮರುದಿನ ಮೊದಲ ಬಸ್ಸಿಗೆ ಸಂಗಮನಾಥ ಹೊರಟರು. ದಾರಿಯುದ್ದಕ್ಕೂ ಅವರ ತಲೆಯಲ್ಲಿ ಒಬ್ಬೊಬ್ಬರೇ ಕಳ್ಳರಾಗುತ್ತಿದ್ದರು. ವೈಜಾಪುರ ಬರುವವರೆಗೆ ಮಾಲೇಗಾಂವ್‌ನ ಗುಜರಿಯವನು. ಆಮೇಲೆ ಎಣ್ಣೆ ಅಂಗಡಿಯವನು. ಸಂಭಾಜಿನಗರದಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ಜಯಂತನೇ ಆಗಿಬಿಟ್ಟಿದ್ದ: ಒಳ್ಳೆಯ ಪಂಪು ಬಿಚ್ಚಿ ಮಾರಿಕೊಂಡು, ಕೆಟ್ಟದ್ದು ಕೂಡಿಸಿ, ದೂರು ತನ್ನ ಮೇಲೆ ಹಾಕುತ್ತಿದ್ದಾನೆ.

ಬಯಲಿನಲ್ಲಿ ಟ್ರಕ್ಕನ್ನು ಎಳೆದು ನಿಲ್ಲಿಸಿದ್ದರು. ಪಕ್ಕದಲ್ಲಿ ಚಾಲಕ ಓಂಕಾರ, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ನಿಂತಿದ್ದ. ಸಂಗಮನಾಥ ಯಾರನ್ನೂ ಮಾತನಾಡಿಸದೆ ಬಾನೆಟ್ಟು ಎತ್ತಿದರು. ಪಂಪು ತಾವು ಹಾಕಿದ್ದೇ. ಸೀಲು ತಮ್ಮದೇ. ಎಣ್ಣೆ ಮಾತ್ರ ಸುಟ್ಟು ಕಪ್ಪಾಗಿತ್ತು. ಪುಟ್ಟ ರೇಡಿಯೇಟರಿನಲ್ಲಿ ಧೂಳೂ ಕಟ್ಟಿರಲಿಲ್ಲ. ಫ್ಯಾನನ್ನು ಬೆರಳಿನಿಂದ ನೂಕಿದರೆ ಸಲೀಸಾಗಿ ತಿರುಗಿತು, ಇಂಜಿನ್ ಚಾಲೂ ಮಾಡಿದರೆ ಅಲುಗಲಿಲ್ಲ. ಅದರ ವೈರು ಹಿಡಿದು ಹೋದರು. ಅರ್ಧ ದಾರಿಯಲ್ಲಿ ಅದನ್ನು ಕತ್ತರಿಸಿ, ಕ್ಯಾಬಿನ್ನಿನ ಒಳಕ್ಕೆ ತಿರುಗಿಸಲಾಗಿತ್ತು. ಅಲ್ಲಿ ವೈರಿನ ತುದಿಗೆ ಹೊಸ ಕರಿ ಟೇಪು, ಚಾಲಕನ ಮುಖಕ್ಕೆ ನೇರವಾಗಿ ಎರಡು ಸ್ಕ್ರೂ ತೂತು. ಏನೋ ಒಂದು ಅಲ್ಲಿತ್ತು, ಈಗ ಇರಲಿಲ್ಲ.

ಮೇ ತಿಂಗಳ ಬಿಸಿಲು. ಕ್ಯಾಬಿನ್ನಿನ ತಗಡು ಮುಟ್ಟಿದರೆ ಸುಡುತ್ತಿತ್ತು, ಕಾಲ ಬುಡದಲ್ಲೇ ಇಂಜಿನ್. ಅಲ್ಲಿ ಕುಳಿತಷ್ಟು ಹೊತ್ತಿನಲ್ಲೇ ಸಂಗಮನಾಥರ ಅಂಗಿ ಮೈಗೆ ಅಂಟಿತು. ಕೆಳಗಿಳಿದು ಓಂಕಾರನನ್ನು ಮರಾಠಿಯಲ್ಲಿ ಯಾವೂರೆಂದು ಕೇಳಿದರು. ಹುಮನಾಬಾದ್ ಎಂದ. ಸಂಗಮನಾಥ ಕನ್ನಡಕ್ಕೆ ಹೊರಳಿದರು.

“ಫ್ಯಾನ್ ಎಲ್ಲಿಟ್ಟಿ?”

“ಯಾವ ಫ್ಯಾನ್ರಿ?” ಎಂದ ಓಂಕಾರ, ನೆಲ ನೋಡುತ್ತ.

“ಮಾರಿಗಿ ಗಾಳಿ ಬರ್ಲಿ ಅಂತ ಹಚ್ಚಿದ್ದೆಲ್ಲಾ, ಅದು.”

ಜಯಂತ್ ನಡುವೆ ಬಂದು ನಿಂತ. ಇಬ್ಬರನ್ನೂ ಒಮ್ಮೆ ನೋಡಿದ. “ನನ್ನ ಮುಂದೆ ನಿಮ್ಮ ಭಾಷೆ ಬೇಡ. ಮರಾಠಿಯಲ್ಲಿ ಮಾತಾಡಿ. ಇವನು ನಿಮ್ಮ ಕಡೆಯವನು ಅಂತ ನನಗೆ ಇಷ್ಟು ದಿನ ಗೊತ್ತಿರಲಿಲ್ಲ. ಇಬ್ಬರೂ ಸೇರಿ ಎಷ್ಟು ದಿನದಿಂದ ನಡೆಸಿದ್ದೀರಿ ಇದನ್ನ?”

ಇಬ್ಬರೂ ಅಂದೇ ಮೊದಲು ಒಬ್ಬರ ಮುಖ ಒಬ್ಬರು ನೋಡಿದ್ದು. ಗಾಡಿ ಒಪ್ಪಿಸುವಾಗ ಸಂಗಮನಾಥ ಮಾಲೀಕರೊಂದಿಗೆ ಮಾತ್ರ ಮಾತನಾಡುತ್ತಿದ್ದರು. ಯಾವುದು ಏನೆಂದು ತಿಳಿದರೆ ಚಾಲಕರು ಕೈಯಾಡಿಸುತ್ತಾರೆ ಎಂಬುದು ಅವರ ಲೆಕ್ಕ. ಇವನನ್ನು ನೋಡಿದ್ದೇ ಇಂದು ಎಂದರೂ ಜಯಂತ್ ಕೇಳುವ ಸ್ಥಿತಿಯಲ್ಲಿರಲಿಲ್ಲ. ವೈರು ತೋರಿಸಿದರು. ನೀನೇ ಹಾಗೆ ಕಟ್ಟಿ ಕಳಿಸಿರಬೇಕು ಎಂದ. ಟೇಪು ಹೊಸದು ಎಂದರು. ನಿನ್ನ ಊರಿನವನು ನಿನ್ನೆ ಸುತ್ತಿರಬೇಕು ಎಂದ. ಸುತ್ತ ನಾಲ್ವರು ಚಾಲಕರು ಬಂದು ನಿಂತರು, ಅವರ ಮುಖದಲ್ಲೂ ಅದೇ ಮಾತು.

ಓಂಕಾರ ಅಲ್ಲಿಂದ ಸರಿದು ನೀರಿನ ಟ್ಯಾಂಕಿನ ಹಿಂದೆ ಹೋದ. ಓಡಿಹೋದನೆಂದೇ ಸಂಗಮನಾಥ ಎಣಿಸಿದರು. ಅವನು ಒಂದು ಟವೆಲಿನ ಗಂಟು ತಂದು ಒಂದೇ ಕೈಯಲ್ಲಿ ಬಿಚ್ಚಿ ಬಂಪರಿನ ಮೇಲಿಟ್ಟ. ಅಂಗೈಗಿಂತ ಸ್ವಲ್ಪ ದೊಡ್ಡ ಪ್ಲಾಸ್ಟಿಕ್ ಫ್ಯಾನು.

“ನಾನೇ ಕಟ್ಟಿದ್ದು,” ಎಂದ ಮರಾಠಿಯಲ್ಲಿ, ಜಯಂತನತ್ತ ತಿರುಗಿ, ಎಲ್ಲರಿಗೂ ಕೇಳುವಂತೆ. “ಫ್ಯಾನ್ ಹಾಕಿಸಿ ಅಂತ ಕೇಳ್ತಾನೇ ಇದ್ದೆ, ನೀವು ನಕ್ಕಿರಿ. ಒಳಗೆ ತಲೆ ಸುತ್ತಿ ಬೀಳೋ ಹಾಗೆ ಆಗ್ತಿತ್ತು. ಎರಡೂ ಹಚ್ಚಿದರೆ ಫ್ಯೂಸ್ ಹೋಗ್ತಿತ್ತು, ಅದಕ್ಕೆ ಮುಂದಿನ ಫ್ಯಾನಿನ ವೈರ್ ಕತ್ತರಿಸಿದೆ. ಅದು ಯಾಕಿದೆ ಅಂತ ನನಗೆ ಯಾರೂ ಹೇಳಲಿಲ್ಲ.”

ಜಯಂತ್ ಅವನನ್ನು ಆ ಸಂಜೆಯೇ ಕೆಲಸದಿಂದ ತೆಗೆದ. ಸಂಗಮನಾಥರಿಗೆ ತಪ್ಪಾಯಿತೆಂದು ಹೇಳಲಿಲ್ಲ. ಗಾಡಿಯವರಿಗೆಲ್ಲ ಮತ್ತೆ ಫೋನು ಮಾಡಿ ಸುದ್ದಿ ತಿದ್ದಿದನೋ ಇಲ್ಲವೋ, ಅದೂ ಅವರಿಗೆ ಗೊತ್ತಿಲ್ಲ. ಮಳೆಗಾಲಕ್ಕೆ ಮುಂಚೆ ಇನ್ನೆರಡು ಟ್ರಕ್ಕು ಕಳಿಸಿದ, ಜೊತೆಗೆ ಕಾವಲಿಗೆ ಒಬ್ಬ ಮನುಷ್ಯನನ್ನೂ. ಆ ಮನುಷ್ಯ ಶೆಡ್ಡಿನಲ್ಲಿ ಕುರ್ಚಿ ಹಾಕಿಕೊಂಡು, ಸಂಗಮನಾಥರ ಕೈಯಿಂದ ಕಣ್ಣು ಕೀಳದೆ ಕುಳಿತಿದ್ದ. “ಕೂಡ್ಲಿ ಬಿಡ್ರಿ. ಅವನ ಜಾಗಾದಾಗ ನಾ ಇದ್ರ ನಾನೂ ಹಂಗೇ ಕೂಡ್ತಿದ್ದೆ,” ಎನ್ನುತ್ತಾರೆ.

ಕೆಲಸ ಕಳೆದುಕೊಂಡ ಆ ಸಂಜೆ ಬಸ್ ನಿಲ್ದಾಣದತನಕ ಓಂಕಾರನೂ ಜೊತೆಗೆ ನಡೆದ. ಯಾಕೆ ಒಪ್ಪಿಕೊಂಡೆ ಎಂದು ಸಂಗಮನಾಥ ಕೇಳಿದರು. “ನೀವು ಹೇಳೇ ಹೇಳ್ತೀರಿ ಅನ್ನಿಸ್ತ್ರಿ,” ಎಂದ ಅವನು. “ಊರ ಕಡೀ ಮನಶಾ ಅಂತ ಬಿಡೂ ಪೈಕಿ ಅಲ್ಲ ನೀವು. ಮಾರಿ ನೋಡಿದ್ರೇ ಗೊತ್ತಾಗ್ತದ.”

ಮನೆಯಲ್ಲಿ ಮಂಜುಶ್ರೀ ಅದನ್ನೇ ಕೇಳಿದ್ದರು: ಅವನು ಬಾಯಿಬಿಡದಿದ್ದರೆ ನೀವು ಹೆಸರು ಹೇಳುತ್ತಿದ್ದಿರಾ? ಉತ್ತರ ಇವತ್ತಿಗೂ ಬದಲಾಗಿಲ್ಲ. “ಹೇಳ್ತಿದ್ದೆ. ಮುರದ ಕೈ ನೋಡಿ ಸಂಕಟ ಆಗಿತ್ತು, ಖರೇ. ಆದ್ರ ಹೇಳ್ತಿದ್ದೆ. ನನ್ನ ಸ್ಟೇರಿಂಗ್ ಹಿಡದು ಇನ್ನೂ ಎಷ್ಟೋ ಮಂದಿ ಇಳಿಜಾರ ಇಳೀತಾರ. ಅವರು ಹೆದರಿ ಹಿಡೀಬಾರ್ದು.” ಮಂಜುಶ್ರೀಗೆ ಈ ಉತ್ತರ ಹಿಡಿಸಿಲ್ಲ. ಅದನ್ನು ಅವರು ಮುಚ್ಚಿಡುವುದೂ ಇಲ್ಲ.

ಒಂದು ಬದಲಾವಣೆ ಮಾತ್ರ ಆಗಿದೆ. ಈಗ ಸಂಗಮನಾಥ ಗಾಡಿ ಒಪ್ಪಿಸುವುದು ಚಾಲಕನಿಗೆ. ಕೆಸರಿನ ಹೊಂಡದಲ್ಲಿ ಅವನಿಂದಲೇ ಸ್ಟೇರಿಂಗ್ ತಿರುಗಿಸಿ, ಎಣ್ಣೆ ಕಾಯಿಸಿ, ಕೊಳವೆಯ ಮೇಲೆ ಅವನ ಕೈ ಇಡಿಸುತ್ತಾರೆ. ಅಂಗೈ ಇಟ್ಟಿರಲಾಗದಷ್ಟು ಬಿಸಿಯಾದರೆ ಗಾಡಿ ನಿಲ್ಲಿಸು, ಮಾಲೀಕ ಬೈದರೂ ನಿಲ್ಲಿಸು ಎನ್ನುತ್ತಾರೆ. ಕ್ಯಾಬಿನ್ನಿಗೆ ಬೇರೆ ಫ್ಯೂಸಿನ ಮೇಲೆ ಬೇರೊಂದು ಫ್ಯಾನು ಕಟ್ಟುತ್ತಾರೆ, ಯಾವ ಮಾಲೀಕನನ್ನೂ ಕೇಳದೆ. ಹಾಗಂತ ಚಾಲಕರ ಮೇಲೆ ನಂಬಿಕೆ ಬಂದಿದೆ ಎಂದಲ್ಲ. ಎಣ್ಣೆ ತಂಪಾಗಿಸುವ ಫ್ಯಾನಿನ ವೈರನ್ನು ಈಗ ಕಬ್ಬಿಣದ ಕೊಳವೆಯೊಳಗೆ ಹಾಯಿಸಿ ಎರಡೂ ತುದಿ ಬೆಸುಗೆ ಹಾಕುತ್ತಾರೆ.

ಇಂದು ಹೊಂಡದಲ್ಲಿ ನಿಂತಿರುವ ಮಾಲೇಗಾಂವ್‌ನ ಟ್ರಕ್ಕು ಕೊನೆಗೂ ಸತ್ಯ ಬಿಟ್ಟುಕೊಟ್ಟಿದೆ. ಎಣ್ಣೆಯಲ್ಲಿ ನೊರೆ. ಕೊಳವೆ ಎಲ್ಲೋ ಸಣ್ಣಗೆ ಗಾಳಿ ಎಳೆಯುತ್ತಿದೆ. ಸಂಗಮನಾಥರ ಮುಖದಲ್ಲಿ ಬೆಳಗಿನಿಂದ ಮೊದಲ ಬಾರಿಗೆ ಸಮಾಧಾನ ಕಾಣುತ್ತದೆ. ಬಿಸಿಲು ತೋಟದ ಚಪ್ಪರ ದಾಟಿ ಶೆಡ್ಡಿಗೆ ಬಂದಿದೆ, ಮಂಜುಶ್ರೀ ಒಳಗಿನಿಂದ ಚಹಾ ತರುತ್ತಾರೆ.

ಛಾಯಾಚಿತ್ರ ಬೇಡವೆಂದರು. ಹೆಸರನ್ನಾದರೂ ಬರೆಯಬಹುದೇ ಎಂದು ಕೇಳಿದಾಗ ಚಹಾದ ಲೋಟ ಕೆಳಗಿಟ್ಟರು.

“ಬರ್ಕೋರಿ. ಆದ್ರ ಒಂದು ಹೇಳ್ತೀನಿ. ಸ್ಟೇರಿಂಗ್ ಕಲ್ಲಾದಾಗೇ ಡ್ರೈವರಗ ನೆನಪಾಗ್ತದ, ಇದನ್ನ ಯಾರು ಕಟ್ಟ್ಯಾರ ಅಂತ. ಛಲೋ ತಿರಗೂತನಕ ಯಾರೂ ಕೇಳೂದಿಲ್ಲ. ಇಷ್ಟು ಗಾಡಿ ಹೊರಗ ಓಡ್ಲಿಕತ್ತಾವ, ಹೋದ ಮಳಿಗಾಲದಿಂದ ಒಬ್ಬಾಂವನೂ ನನ್ನ ಹೆಸರು ಕೇಳ್ಕೊಂಡು ಬಂದಿಲ್ಲ. ಹಂಗೇ ಇರ್ಲಿ ನೋಡ್ರಿ.”