ಹಸಿರು ಗುಂಡಿ ಒತ್ತಿಸಿದವಳು

ಆ ಚುನಾವಣೆಯಲ್ಲಿ ಬ್ರೆಜಿಲ್ ಯಾರ ಪಾಲಾಯಿತೆಂದು ಪತ್ರಿಕೆಯವರು ಸಾಕಷ್ಟು ಬರೆದಿದ್ದಾರೆ. ನಾನು ಹೇಳಹೊರಟಿರುವುದು ನಮ್ಮ ಬೀದಿಯ ಇರಾಸಿಯ ಚುನಾವಣೆಯನ್ನು. ಅವಳು ನಂಬಿದ ಮಾಜಿ ಅಧ್ಯಕ್ಷ ಜೆನೇಸಿಯೊಗೆ ನಾನು ಜನ್ಮದಲ್ಲಿ ಓಟು ಹಾಕಿದವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸೇತುವೆ ಗುತ್ತಿಗೆಯಲ್ಲಿ ಲಂಚ ತಿಂದನೆಂದು ನ್ಯಾಯಾಲಯ ಅವನನ್ನು ಜೈಲಿಗೆ ಅಟ್ಟಿದ ದಿನ ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು.

ಇರಾಸಿ ನನ್ನ ಚಪ್ಪಲಿ ಅಂಗಡಿಯ ಎದುರು ಮೂಲೆಯಲ್ಲಿ ಬೆಳಗಿನ ಹೊತ್ತು ತಪಿಯೋಕ ಮಾಡಿ ಮಾರುವವಳು. ಮರಗೆಣಸಿನ ಹಿಟ್ಟನ್ನು ಕಾದ ಬಾಣಲೆಗೆ ಉದುರಿಸಿ, ತೆಂಗಿನತುರಿ ತುಂಬಿ, ಮಡಚಿ ಕೊಡುತ್ತಾಳೆ. ಬಡಪೆಟ್ಟಿಗೆ ಬಗ್ಗುವ ಹೆಂಗಸಲ್ಲ. ಒಮ್ಮೆ ಪುರಸಭೆಯವರು ಅವಳ ಗಾಡಿ ಎತ್ತಿಸಲು ಬಂದಾಗ ಒಲೆ ಆರಿಸದೆ ಗಾಡಿಗೆ ಅಡ್ಡ ನಿಂತಳು. ಬಂದವರು ಕೊನೆಗೆ ತಿಂಡಿ ತಿಂದು ವಾಪಸಾದರು.

ಈ ಹಟ ಬಂದದ್ದು ತಾಯಿಯಿಂದ. ಊರೆಲ್ಲ ಗೌರವದಿಂದ ದೋನ ಎನ್ನುವ ತಾಯಿ ಬೆನ್ವಿಂದಾ ನಮ್ಮ ಊರಿನ ಸೂಲಗಿತ್ತಿ. ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ನನ್ನನ್ನೂ ಈ ಲೋಕಕ್ಕೆ ಎಳೆದು ತಂದವಳು ಅವಳೇ. ಜೆನೇಸಿಯೊ ಹಿಂದೆ ಅಧ್ಯಕ್ಷನಾಗಿದ್ದಾಗ ನಮ್ಮ ಬೀದಿಗೆ ಕರೆಂಟು ಬಂತು. "ಹುಟ್ಟಿದ ಕೂಸು ಕೆಂಪಗಿದ್ಯಾ, ನೀಲಿಗಟ್ಟಿದ್ಯಾ ಅಂತ ನಾನು ಸರಿಯಾಗಿ ಕಂಡಿದ್ದೇ ಆಮೇಲೆ," ಎನ್ನುತ್ತಿದ್ದಳು ಮುದುಕಿ. ಸಾಯುವ ತನಕ ತನ್ನ ಓಟು ಆ ಮನುಷ್ಯನಿಗೇ ಎಂದು ಮೇರಿಮಾತೆಯ ಪಟದ ಮುಂದೆ ಆಣೆ ಇಟ್ಟಿದ್ದಳು.

ಅವನು ಮತ್ತೆ ಸ್ಪರ್ಧೆಗಿಳಿದ ವರ್ಷವೇ ಜೈಲಾಯಿತು, ಚುನಾವಣಾ ನ್ಯಾಯಾಲಯ ಅಭ್ಯರ್ಥಿಗಳ ಪಟ್ಟಿಯಿಂದ ಅವನ ಹೆಸರನ್ನೂ ಹೊಡೆದುಹಾಕಿತು. ಪಕ್ಷದವರು ಒತಾವಿಯೊ ಎಂಬ ಕನ್ನಡಕದ ಹುಡುಗನನ್ನು ಅವನ ಜಾಗದಲ್ಲಿ ನಿಲ್ಲಿಸಿದರು. ಪಕ್ಷದ ಸಂಖ್ಯೆ ಮಾತ್ರ ಅದೇ ಅರವತ್ತೆರಡು. ನಮ್ಮ ಮತಯಂತ್ರದಲ್ಲಿ ಸಂಖ್ಯೆ ಒತ್ತಿದರೆ ಅಭ್ಯರ್ಥಿಯ ಮುಖ ಮೂಡುತ್ತದೆ. ಸರಿಯೆನಿಸಿದರೆ ಹಸಿರು ಗುಂಡಿ, ತಪ್ಪಿದ್ದರೆ ಕಿತ್ತಳೆ ಗುಂಡಿ. ಯಾರೂ ಬೇಡವೆಂದರೆ ಮೊದಲು ಬಿಳಿ, ಆಮೇಲೆ ಹಸಿರು.

ಮೊದಲ ಸುತ್ತಿನ ದಿನ ಬೆನ್ವಿಂದಾ ಮತಗಟ್ಟೆಯಿದ್ದ ಶಾಲೆಯಿಂದ ಹೊರಬಂದು ಮಗಳಿಗೆ ಹೇಳಿದಳು: "ಅರವತ್ತೆರಡು ಒತ್ತಿದ್ರೆ ಯಾವನೋ ಬಂದ. ಕಿತ್ತಳೆ ಒತ್ತಿ ಓಡಿಸ್ದೆ. ಮತ್ತೆ ಅವನೇ ಬಂದ. ಬಿಳಿ ಒತ್ತಿ ಬಂದ್ಬಿಟ್ಟೆ."

ಬೀದಿಯ ಮುದುಕ ಮುದುಕಿಯರಲ್ಲಿ ಬಹಳಷ್ಟು ಜನ ಮಾಡಿದ್ದು ಅದನ್ನೇ. ಒತಾವಿಯೊ ಹೇಗೋ ಎರಡನೆಯ ಸ್ಥಾನಕ್ಕೆ ಬಂದು ಉಸಿರು ಉಳಿಸಿಕೊಂಡ. ಮೂರು ವಾರ ಬಿಟ್ಟು ಮೊದಲಿಬ್ಬರ ನಡುವೆ ಕೊನೆಯ ಸುತ್ತು. ಮೊದಲ ಸುತ್ತಿನ ಮರುದಿನವೇ ಇರಾಸಿ ನನ್ನ ಅಂಗಡಿಗೆ ಬಂದಳು.

"ಕೊಂಪಾದ್ರೆ, ಒಂದು ಖಾಲಿ ಡಬ್ಬ ಕೊಡು."

"ಯಾಕೆ, ನಿಮ್ಮ ನಾಯಕನಿಗೆ ಜೈಲಿಗೆ ಬೂಟು ಕಳಿಸ್ತೀಯಾ?"

"ಅವನ ಕಾಲಳತೆ ನಿನ್ನ ಅಂಗಡೀಲಿ ಸಿಗಲ್ಲ. ಬಾಯ್ಮುಚ್ಕೊಂಡು ಕೊಡು."

ಕೊಂಪಾದ್ರೆ ಎಂದರೆ ನಮ್ಮಲ್ಲಿ ಚರ್ಚಿನ ದೀಕ್ಷಾಸ್ನಾನದಲ್ಲಿ ಮಗುವಿನ ಹೊಣೆ ಹೊರುವ ಧರ್ಮಪಿತ. ನಿಜ ಹೇಳಬೇಕೆಂದರೆ ನಾನು ಅದೂ ಅಲ್ಲ. ಅವಳ ಮಗಳ ಧರ್ಮಪಿತನಾಗಬೇಕಿದ್ದವನು ಅವಳ ಅಣ್ಣ. ಅವನಿಗೆ ಸಾವೊ ಪೌಲೊದಿಂದ ರಜೆ ಸಿಗದೆ ಹೋದಾಗ, ಅವನ ಬದಲಿಗೆ ಮಗುವನ್ನು ಎತ್ತಿಕೊಂಡು ಪಾದ್ರಿಯ ಮುಂದೆ ನಿಂತವನು ನಾನು. ಚರ್ಚಿನ ಲೆಕ್ಕದಲ್ಲಿ ಧರ್ಮಪಿತ ಇಂದಿಗೂ ಅವನೇ. ಇರಾಸಿ ಪ್ರೀತಿಯಿಂದ ಕೊಂಪಾದ್ರೆ ಎನ್ನುತ್ತಾಳೆ, ಬೀದಿಯವರು ಬಾಡಿಗೆ ಧರ್ಮಪಿತ ಎನ್ನುತ್ತಾರೆ.

ನಾನು ಕೊಟ್ಟ ಡಬ್ಬದ ಮೇಲೆ ಅವಳು ಬಿಳಿ, ಕಿತ್ತಳೆ, ಹಸಿರು ಗುಂಡಿಗಳನ್ನು ಅಂಟಿಸಿದಳು. ಕರಪತ್ರದಿಂದ ಒತಾವಿಯೊನ ಮುಖ ಕತ್ತರಿಸಿ ಮೇಲೆ ಮೆತ್ತಿದಳು. ವ್ಯಾಪಾರ ಮುಗಿಸಿ ಬಾಣಲೆ ತೊಳೆದವಳೇ ಡಬ್ಬ ಕಂಕುಳಲ್ಲಿಟ್ಟುಕೊಂಡು ಹೊರಡುವಳು. ಕೆಲವರು ನಾಯಿ ಬಿಟ್ಟರು, ಕೆಲವರು ಕಾಫಿ ಕೊಟ್ಟರು. ನಾಯಿ ಬಿಟ್ಟ ಮನೆಗೆ ಮರುದಿನ ಮೊದಲು ಹೋದಳು. "ಮುಖ ಬೇರೆ ಬರತ್ತೆ, ಗಾಬರಿಯಾಗ್ಬೇಡಿ, ಹಸಿರು ಒತ್ತಿ," ಎಂದು ಹೇಳಿ ಹೇಳಿ ಅವಳ ಗಂಟಲು ಕಟ್ಟಿತು. ಬೀದಿ ನಿಧಾನಕ್ಕೆ ಕಲಿಯಿತು.

ಕಲಿಯದವಳು ಅವಳ ತಾಯಿ ಒಬ್ಬಳೇ. ಕೊನೆಯ ಸುತ್ತಿನ ಹಿಂದಿನ ದಿನ ಗಾಡಿಯ ಪಕ್ಕದಲ್ಲೇ ಜಗಳವಾಯಿತು. ನಾನು ತಿಂಡಿ ತಿನ್ನುತ್ತಿದ್ದೆ.

"ನಾನೇನು ಪೆದ್ದಿಯಾ? ಯಾವ ಗುಂಡಿ ಏನು ಅಂತ ನಂಗೊತ್ತು," ಎಂದು ಬೆನ್ವಿಂದಾ ಡಬ್ಬವನ್ನು ಪಕ್ಕಕ್ಕೆ ತಳ್ಳಿದಳು. "ಮಾತು ಕೊಟ್ಟಿದ್ದು ಜೆನೇಸಿಯೊಗೆ. ಇನ್ನೊಬ್ಬನ ಮುಖಕ್ಕೆ ಹಸಿರು ಒತ್ತಿದ್ರೆ ಆಣೆ ಮುರಿದ ಹಾಗಲ್ವೇನೇ?"

"ಓಟು ಖಾಲಿ ಬಿಟ್ರೆ ಉಳಿಯತ್ತಾ ಆಣೆ? ಅವನನ್ನ ಒಳಗೆ ಹಾಕಿದವರಿಗೆ ಅದೇ ಬೇಕಾಗಿರೋದು, ನೀನು ಬಿಳಿ ಒತ್ತೋದು!"

"ಬೇಕಾದ್ರೆ ಬೇಕಾಗ್ಲಿ. ನನ್ನ ಕೈ ಸುಳ್ಳು ಹೇಳಲ್ಲ."

ಇರಾಸಿಯ ಕಣ್ಣು ತುಂಬಿತು. ಇಡೀ ಬೀದಿಯನ್ನು ಬಗ್ಗಿಸಿದವಳು ಸ್ವಂತ ತಾಯಿಯ ಎದುರು ಸೋತು ನಿಂತಿದ್ದಳು. ನನಗೆ ಪಾಪ ಎನಿಸಿತು, ಒಳಗೊಳಗೆ ಖುಷಿಯೂ ಆಯಿತು. ಆಗ ಅವಳ ದೃಷ್ಟಿ ನನ್ನ ಮೇಲೆ ಬಿತ್ತು.

"ಅಮ್ಮಾ, ಅವತ್ತು ಚರ್ಚಲ್ಲಿ ನನ್ನ ಮಗಳನ್ನ ಎತ್ಕೊಂಡು ನಿಂತಿದ್ದು ಯಾರು?"

"ಇವನೇ, ಅಮಾಂಸಿಯೊ."

"ಧರ್ಮಪಿತ ಯಾರು?"

"ನಿನ್ನ ಅಣ್ಣ. ಇದೇನು ಕೇಳೋದು?"

"ಅಣ್ಣ ಬರಕ್ಕಾಗ್ಲಿಲ್ಲ ಅಂತ ಮಗುಗೆ ದೀಕ್ಷೆ ಬೇಡ ಅಂದ್ಯಾ? 'ಅಮಾಂಸಿಯೊ ಕೈಲಿ ಕೊಡು' ಅಂದವಳು ನೀನೇ ಅಲ್ವಾ?"

ನನಗೆ ರೇಗಿತು. ನನ್ನನ್ನೇ ದೊಣ್ಣೆ ಮಾಡಿಕೊಂಡು ನನ್ನ ಪಕ್ಷಕ್ಕೇ ಬಾರಿಸುತ್ತಿದ್ದಳು ಮಹರಾಯಿತಿ! ಬೆನ್ವಿಂದಾ ನನ್ನತ್ತ ಬೆರಳು ತೋರಿಸಿದಳು.

"ಇವನು ಮಗುನ ಹಿಡ್ಕೊಂಡು ನಿಂತ, ಆಮೇಲೆ ತಿರುಗಿ ಕೊಟ್ಟ. ಆ ಕನ್ನಡಕದ ಹುಡುಗ ತಿರುಗಿ ಕೊಡ್ತಾನೇನೇ?"

ಇರಾಸಿ ಡಬ್ಬವನ್ನು ಎತ್ತಿ ಗಾಡಿಯ ಕೆಳಗಿಟ್ಟಳು.

ಭಾನುವಾರ ಬೆನ್ವಿಂದಾ ಹಬ್ಬದ ಬಟ್ಟೆಯುಟ್ಟು, ಮಗಳ ತೋಳು ಹಿಡಿದು ಶಾಲೆಗೆ ಬಂದಳು. ಆ ವಯಸ್ಸಿನವರು ಓಟು ಹಾಕಲೇಬೇಕೆಂಬ ಕಾನೂನಿಲ್ಲ, ಆದರೂ ಬಂದಳು. ನಾನು ಸಾಲಿನಲ್ಲಿ ಅವರ ಹಿಂದೆಯೇ ಇದ್ದೆ. ಮುದುಕಿ ಒಬ್ಬಳೇ ರಟ್ಟಿನ ಮರೆಯ ಹಿಂದೆ ಹೋದಳು. ಎರಡು ಸಲ ಸಣ್ಣಗೆ ಪೀಪ್ ಕೇಳಿಸಿತು. ಅರವತ್ತೆರಡು. ಆಮೇಲೆ ಏನೂ ಇಲ್ಲ. ಬಾಗಿಲಲ್ಲಿ ನಿಂತ ಇರಾಸಿ ತನ್ನ ಅಂಗಿಯ ತುದಿಯನ್ನು ಹಿಂಡುತ್ತಿದ್ದಳು.

ಒಳಗಿನಿಂದ ಬೆನ್ವಿಂದಾಳ ದನಿ ಬಂತು. ಕಿವಿ ಮಂದವಾದವಳು ಮೆಲ್ಲಗೆ ಮಾತಾಡುತ್ತಾಳೆಯೇ? ಇಡೀ ಸಾಲಿಗೆ ಕೇಳಿಸಿತು.

"ನೋಡು ಹುಡುಗ, ಕೂಸು ನಿಂದಲ್ಲ. ಅವನು ಬರೋ ತನಕ ಬೀಳಿಸದೆ ಹಿಡ್ಕೊಂಡಿರು, ಅಷ್ಟೇ."

"ದೋನ, ಅಲ್ಲಿ ಮಾತಾಡಬಾರದು!" ಎಂದು ಮತಗಟ್ಟೆಯ ಅಧಿಕಾರಿ ಎದ್ದು ನಿಂತ.

"ನಿನ್ನ ಹತ್ರ ಮಾತಾಡಿದ್ನಾ?" ಎಂದಳು ಮುದುಕಿ. ಓಟು ಬಿದ್ದಾಗ ಯಂತ್ರ ನುಡಿಸುವ ಉದ್ದನೆಯ ರಾಗ ಕೇಳಿಬಂತು.

ಇರಾಸಿ ಗೋಡೆಗೊರಗಿ ಮಗುವಿನಂತೆ ಅತ್ತಳು. ನಾನು ಕಣ್ಣೊರೆಸಿಕೊಂಡು ಒಳಗೆ ಹೋಗಿ ನನ್ನವನಿಗೇ ಒತ್ತಿದೆ.