ಗ್ರ್ಯಾಂಡ್ ಅಂದ್ರೆ ಎಷ್ಟು ಸ್ಟಾರ್?

"ಅಂಕಲ್, ಓನ್ಲಿ ಟೂ ಸ್ಟಾರ್ಸ್?" ಅಂತ ಸಿರಿ ಫೋನ್ ತಂದು ನನ್ ಮುಖಕ್ಕೇ ಹಿಡಿದ್ಲು. ಇಪ್ಪತ್ತಾರಕ್ಕೇ ಅಂಕಲ್ ಆದ ಬೇಜಾರೂ ಮರ್ತೋಯ್ತು. ಐರ್ಲೆಂಡಿನ ಸ್ಯಾಂಟ್ರಿಯ ನಮ್ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಲ್ಲಿ ಆಡೋ, ಇಲ್ಲೇ ಹುಟ್ಟಿದ ಕನ್ನಡದ ಹುಡುಗಿ ಅವಳು. ಅಮೆರಿಕದ ಕಾಲೇಜುಗಳು ಆಟಗಾರರನ್ನ ಆರಿಸೋಕೆ ನೋಡೋ ರ‍್ಯಾಂಕಿಂಗಲ್ಲಿ ಐದಕ್ಕೆ ಎರಡೇ ಸ್ಟಾರ್ ಬಂದಿತ್ತು. ಅವಳನ್ನ ಕರೀಬೇಕು ಅಂತಿದ್ದ ಕಾಲೇಜು ಹಿಂದೆ ಸರಿದಿತ್ತು.

ಆ ಸ್ಟಾರ್ ಹಿಂದಿನ ಮಹಾಪಂಡಿತ ನಾನೇ. ಸಾಫ್ಟ್‌ವೇರ್‌ನೋನು ಅಂತ ಕ್ಲಬ್ಬಿನ ಈಮೇಲ್ ನನ್ ತಲೆಗೇ ಕಟ್ಟಿದ್ರು. ಸಿರಿ ಹೇಗೆ ಆಡ್ತಾಳೆ ಅಂತ ರ‍್ಯಾಂಕಿಂಗ್‌ನೋರು ಕೇಳಿದಾಗ, ನಮ್ ಐರಿಶ್ ಕೋಚ್ "ಶೀ ಈಸ್ ಗ್ರ್ಯಾಂಡ್" ಅಂದ್ರು. ಇಲ್ಲಿ ಗ್ರ್ಯಾಂಡ್ ಅಂದ್ರೆ ‘ಪರ್ವಾಗಿಲ್ಲ’ ಅಂತ ಬಂದ ಹೊಸದ್ರಲ್ಲೇ ಕಲ್ತಿದ್ದ ಜಾಣ ನಾನು, ‘ಪರ್ವಾಗಿಲ್ಲ, ಆಡ್ತಾಳೆ’ ಅಂತ ಇಂಗ್ಲಿಷಲ್ಲಿ ಬರೆದು ಕಳಿಸ್ದೆ. ಅವರೂ ಆಟ ನೋಡ್ದೇನೇ ಸ್ಟಾರ್ ಅಂಟಿಸಿದ್ರು.

ನಾನು ಬರೆದದ್ದು ಕೇಳಿ ಕೋಚ್ ತಲೆ ಮೇಲೆ ಕೈ ಹೊತ್ಕೊಂಡು, "ನನ್ ಬಾಯಲ್ಲಿ ಗ್ರ್ಯಾಂಡ್‌ಗಿಂತ ದೊಡ್ಡ ಹೊಗಳಿಕೆ ಬರೋದೇ ಇಲ್ವಲ್ಲೋ!" ಅಂದ್ರು.

ಸಾರಿ ಕೇಳೋಕೆ ಹೋದೆ. ಸಿರಿ ಶೂ ಲೇಸ್ ಬಿಚ್ತಾ, ತಲೆ ಎತ್ತದೇನೇ, "ಐ ಆಮ್ ಗ್ರ್ಯಾಂಡ್, ಅಂಕಲ್" ಅಂದ್ಲು. ಆ ಗ್ರ್ಯಾಂಡ್ ಮಾತ್ರ ನಂಗೆ ಸರಿಯಾಗಿ ಅರ್ಥ ಆಯ್ತು.