ಚಪ್ಪಲಿ ಪಕ್ಕದ ಸೇಜ್ ಗಿಡ

ಸಖರಾಯಪಟ್ಟಣದ ಪಂಕಜಾಕ್ಷಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಅವಳ ಮಿಷನ್ನಿನ ಪಕ್ಕದ ಕಿಟಕಿಯಾಚೆ ಒಡೆದ ಬಕೆಟ್ಟುಗಳಲ್ಲಿ ಪುದೀನ, ಒಂದೆಲಗ, ದೊಡ್ಡಪತ್ರೆ ಇದ್ದವು. ಅವೆಲ್ಲ ಬೇಡವೆಂದರೂ ಬೆಳೆಯುವಂಥವು. ಅವಳ ಜೀವವಿದ್ದದ್ದು ಸೇಜ್ ಎಂಬ ವಿದೇಶಿ ಸೊಪ್ಪಿನ ಗಿಡಗಳ ಮೇಲೆ.

ಲಕ್ಕವಳ್ಳಿ ಕಡೆಯ ಹೋಂಸ್ಟೇ ಒಂದರಲ್ಲಿ ಅಡುಗೆ ಮಾಡುವ ತಂಗಿ ಸಂಗೀತಾ ಅಲ್ಲಿನ ಗಿಡದಿಂದ ನೆಡಲು ಕಡ್ಡಿ ತಂದುಕೊಟ್ಟಿದ್ದಳು. ಎಲೆಯನ್ನು ಬೆಣ್ಣೆಯಲ್ಲಿ ಗರಿಗರಿ ಹುರಿದು ಆಲೂಗಡ್ಡೆಯ ಮೇಲೆ ಉದುರಿಸುತ್ತಾರಂತೆ. ಪಂಕಜಾಕ್ಷಿ ಒಮ್ಮೆ ಹುರಿದವಳಿಗೆ ಮತ್ತೆ ಕೀಳಲು ಮನಸ್ಸಾಗಲಿಲ್ಲ. ಹಸಿರೆಲೆಗೆ ಬಿಳಿಯ ಅಂಚು, ಚಿಗುರು ನೇರಳೆ, ಮುಟ್ಟಿದರೆ ಮಖಮಲ್ಲು. ಅಂಥ ಬಟ್ಟೆ ಅವಳ ಕೈಗೆ ಹೊಲಿಯಲು ಬಂದದ್ದೇ ಇಲ್ಲ.

ಬಂದವರೆಲ್ಲ ಅದನ್ನು ಹೊಸ ಜಾತಿಯ ದೊಡ್ಡಪತ್ರೆಯೆಂದುಕೊಂಡು ಮಕ್ಕಳ ಕೆಮ್ಮಿಗೆ ಕಿತ್ತೊಯ್ಯುತ್ತಿದ್ದರು. ಸಾಕಾಗಿ ಅವಳು ಕುಂಡಗಳನ್ನು ಕಾಂಪೌಂಡ್ ಗೋಡೆಯ ಮೇಲೇರಿಸಿದಳು. ಅಲ್ಲಿಂದ ಅತ್ತೆ ದುರ್ಗಮ್ಮನ ಕಾಟ ಶುರುವಾಯಿತು. ಲಿಂಗಪೂಜೆಯ ನೀರನ್ನು ಯಾರೂ ತುಳಿಯಬಾರದಲ್ಲ; ಕಾಲು ತಾಗದ ಜಾಗ ಸಿಕ್ಕಿತೆಂದು ಅತ್ತೆ ದಿನವೂ ಚೊಂಬನ್ನು ಅಲ್ಲೇ ಬಗ್ಗಿಸಿದರು. ಸೋಮವಾರ ಹಾಲೂ ಸೇರಿತು. ಒಣಮಣ್ಣು ಬೇಡುವ ಗಿಡಗಳು ಬುಡ ಕೊಳೆತು ಕಪ್ಪಾದವು. ಹೋಂಸ್ಟೇಯ ತಾಯಿಗಿಡವೂ ಮಳೆಗೆ ಸತ್ತಿತೆಂದು ಸಂಗೀತಾ ಫೋನಿನಲ್ಲಿ ಹೇಳಿದಳು. ಇನ್ನು ಕಡ್ಡಿ ಕೇಳಲೂ ಜಾಗವಿಲ್ಲ.

ಪಂಕಜಾಕ್ಷಿ ಗಂಡ ಓಂಕಾರೇಶನಿಂದ ಹೇಳಿಸಿ ನೋಡಿದಳು. ಅವನು ಹೆಂಡತಿಗೂ ಹೂಂ ಎಂದ, ತಾಯಿಗೂ ಹೂಂ ಎಂದ, ತೆಂಗಿನ ತೋಟಕ್ಕೆ ಹೋದ. ಕೊನೆಗೆ ಅವಳೇ ಬಾಯಿಬಿಟ್ಟಳು.

"ಅತ್ತೆ, ಈ ಗಿಡಕ್ಕೆ ಅಷ್ಟು ನೀರು ಆಗಲ್ಲ."

"ದೇವ್ರ ನೀರು ಆಗ್ದಿರೋ ಗಿಡ ಅದೆಂಥದ್ದೇ ನಿಂದು?"

ಪಂಕಜಾಕ್ಷಿ ಉಳಿದಿದ್ದ ಒಂದೇ ಹಸಿ ಟೊಂಗೆಯನ್ನು ಕತ್ತರಿಸಿ, ಮರಳು ಬೆರೆಸಿದ ಮಣ್ಣಲ್ಲಿ ಊರಿ, ಕುಂಡವನ್ನು ಬಾಗಿಲ ಹೊರಗೆ ಚಪ್ಪಲಿ ಬಿಡುವಲ್ಲಿ ಇಟ್ಟಳು. ಗೋಡೆಯ ಮೇಲೆ ಒಂದೆಲಗದ ಬಕೆಟ್ಟು ಹತ್ತಿತು. ಮರುದಿನ ಚೊಂಬು ಹಿಡಿದು ಬಂದ ಅತ್ತೆ ಚಪ್ಪಲಿಗಳನ್ನು ನೋಡಿದರು, ಸೊಸೆಯನ್ನು ನೋಡಿದರು, ಒಂದೆಲಗಕ್ಕೆ ನೀರು ಹುಯ್ದು ಒಳಗೆ ಹೋದರು.

ಕಡ್ಡಿ ಬೇರು ಬಿಟ್ಟು ನೇರಳೆ ಚಿಗುರು ತೋರಿದ ಹೊತ್ತಿಗೆ ಪಕ್ಕದ ಮನೆಯ ಮಾರಮ್ಮ ರವಿಕೆ ಕೇಳಲು ಬಂದಳು. ಚಪ್ಪಲಿ ಬಿಟ್ಟವಳು ಹಾಗೇ ಬಗ್ಗಿ ಕುಂಡಕ್ಕೆ ಕೈ ಹಾಕಿದಳು. ಸೂಜಿಯಡಿ ಬಟ್ಟೆ ಸಿಕ್ಕಿಸಿಕೊಂಡಿದ್ದ ಪಂಕಜಾಕ್ಷಿ ಏಳುವಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಬಂತು.

"ಮುಟ್ಬೇಡ ಕಣೇ ಮಾರಮ್ಮ. ದೇವ್ರ ನೀರಿಗೇ ಸಾಯೋ ಗಿಡ ಅದು. ನಿನ್ ಮೊಮ್ಮಗೂಗೆ ಏನಾದ್ರೂ ಆದಾತು."

ಮಾರಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಿಂದೆ ಸರಿದಳು. ಸಂಜೆಯೊಳಗೆ ಈ ಗಿಡದ ಮಾನ ಬೀದಿಯುದ್ದಕ್ಕೂ ಹೋಗುತ್ತದೆ. ಹೋಗಲಿ, ಎಲೆಯಾದರೂ ಉಳಿಯುತ್ತದಲ್ಲ. ಪಂಕಜಾಕ್ಷಿ ಹಲ್ಲು ಕಚ್ಚಿಕೊಂಡು ಮಿಷನ್ ತುಳಿದಳು.